ಮೂರು ಅಡಿ ಎಂದು ಬರೆದಲ್ಲಿ

26 ಏಪ್ರಿಲ್ 1999, ಸೋಮವಾರ

ನಿನ್ನೆ, ಏಪ್ರಿಲ್ ಇಪ್ಪತ್ತೈದರ ಭಾನುವಾರ, ಬೆಳಿಗ್ಗೆ ಒಂಬತ್ತೂವರೆಗೆ, ವಿಶ್ರಾಮಬಾಗದ ಜಲವಿಹಾರ ಮಂಡಳದ ಹೊಸ ಈಜುಕೊಳದಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಮುಳುಗಿಸಲಾಯಿತು. ಇವತ್ತಿನ ಪತ್ರಿಕೆ ‘ಮುಳುಗಿದಳು’ ಎಂದು ಬರೆದಿದೆ. ನಾನು ಹಾಗೆ ಬರೆಯುವುದಿಲ್ಲ. ಹೊಳೆಯಲ್ಲಿ ಮುಳುಗಬಹುದು, ಹೊಳೆಯನ್ನು ಯಾರೂ ಕಟ್ಟಿಲ್ಲ. ಕೊಳವನ್ನು ಕಟ್ಟಿದವರಿದ್ದಾರೆ. ಅದರ ಒಂದೊಂದು ಅಡಿಯನ್ನೂ ಯಾರೋ ಕೂತು ತೀರ್ಮಾನಿಸಿದ್ದಾರೆ.

ಹುಡುಗಿಯ ಹೆಸರು ಸ್ವಪ್ನಾಲಿ. ಕುಪವಾಡದ ಕಾರಖಾನೆಯಲ್ಲಿ ದುಡಿಯುವ ಮಂಗಲ ಎಂಬುವಳ ಮಗಳು. ರಜೆಯ ಮೊದಲ ಮಕ್ಕಳ ತಂಡ, ಮೊದಲ ದಿನ. ಈಗ ಮಿರಜದ ಆಸ್ಪತ್ರೆಯಲ್ಲಿ ಯಂತ್ರದ ಉಸಿರಿನ ಮೇಲಿದ್ದಾಳೆ.

ಕೊಳದ ಕಾವಲುಗಾರ ಆ ಹೊತ್ತಿಗೆ ಗೇಟಿನಲ್ಲಿ ಟಿಕೀಟು ಹರಿಯುತ್ತಿದ್ದನಂತೆ. ಕಿರುಚಾಟ ಕೇಳಿ ಓಡಿ ಬಂದು ಅಂಗಿ ಸಮೇತ ಹಾರಿ ಎತ್ತಿದನಂತೆ. ಎತ್ತಿದ್ದು ಸರಿ, ಅಲ್ಲಿರದೇ ಇದ್ದದ್ದು ಸರಿಯಲ್ಲ. ಆದರೆ ಅವನನ್ನು ಅಲ್ಲಿ ನಿಲ್ಲಿಸಿದ ಮಂಡಳಕ್ಕೆ ನನ್ನ ಪ್ರಶ್ನೆಗಳು ಮೊದಲು. ಮಂಡಳದ ಅಧ್ಯಕ್ಷ ನನ್ನ ಸ್ವಂತ ತಮ್ಮ, ಅರಿಶಿಣದ ವ್ಯಾಪಾರಿ ತಾತ್ಯಾಸಾಹೇಬ. ಆದರೇನು?

ಯುಗಾದಿ ಪಾಡವಾದ ದಿನ ಕೊಳ ತೆರೆದಾಗಿನಿಂದ ಮಂಡಳಕ್ಕೆ ಐದು ಪತ್ರ ಬರೆದಿದ್ದೇನೆ. ನಿಯಮದ ಪುಸ್ತಕ ಗ್ರಂಥಾಲಯದಲ್ಲಿದೆ, ಓದುವವರಿಲ್ಲ. ಆಳ ಶುರುವಾಗುವಲ್ಲಿ ತೇಲುಗುಂಡಿನ ಹಗ್ಗ ಅಡ್ಡ ಕಟ್ಟಿರಬೇಕು. ನೀರು ತಳ ಕಾಣುವಷ್ಟು ತಿಳಿಯಾಗಿರಬೇಕು. ಕಾವಲುಗಾರನಿಗೆ ಎತ್ತರದ ಕುರ್ಚಿ ಇರಬೇಕು, ಬೇರೆ ಕೆಲಸ ಇರಬಾರದು. ಅಂಚಿನಲ್ಲಿ ಆಳದ ಅಂಕಿ ಬರೆದಿರಬೇಕು. ಇಷ್ಟರಲ್ಲಿ ಕೊನೆಯದೊಂದನ್ನು ಮಾತ್ರ ಮಾಡಿದರು. ಶನಿವಾರ ಪೇಂಟರ್ ಕಲ್ಲಯ್ಯ ಅಂಕಿ ಬರೆದ. ಅಷ್ಟಾದರೂ ನನ್ನ ಪತ್ರಗಳಿಂದಾಯಿತು.

28 ಏಪ್ರಿಲ್, ಬುಧವಾರ

ಆರು ಸೀಟಿನ ರಿಕ್ಷಾದಲ್ಲಿ ಹತ್ತನೆಯವಳಾಗಿ ಕೂತು ಮಿರಜಕ್ಕೆ ಹೋಗಿ ಬಂದೆ.

ನಾನು ಮೊದಲು ಈ ದಾರಿಯಲ್ಲಿ ಹೋದದ್ದು ಟಾಂಗಾದಲ್ಲಿ. ವಿಶ್ರಾಮಬಾಗ ದಾಟಿದರೆ ಜೋಳ, ಜೋಳದಾಚೆ ಬೇವಿನ ಸಾಲು, ಮಿರಜದ ದರ್ಗಾದ ಗುಮ್ಮಟ ದೂರದಿಂದಲೇ ಕಾಣುತ್ತಿತ್ತು. ಎರಡು ಊರುಗಳ ನಡುವೆ ಒಂದು ಹಾಡು ಮುಗಿಯುವಷ್ಟು ಖಾಲಿ ಜಾಗವಿತ್ತು. ಈಗ ಸಾಂಗಲಿ ಎಲ್ಲಿ ಮುಗಿಯಿತು, ಮಿರಜ ಎಲ್ಲಿ ಹುಟ್ಟಿತು ತಿಳಿಯುವುದಿಲ್ಲ. ಮಾರ್ಬಲ್ ಅಂಗಡಿ, ಮೋಟರ್‌ಸೈಕಲ್ ಶೋರೂಮು, ಮತ್ತೆ ಮಾರ್ಬಲ್ ಅಂಗಡಿ. ಮರಗಳು ಉಳಿದಿರುವುದು ಕಾಲೊನಿಗಳ ಹೆಸರಿನಲ್ಲಿ. ಪುಣೆಯವರಿಗೆ ಇದ್ದದ್ದೆಲ್ಲ ನಮಗೂ ಬೇಕು. ಹಾಗೆ ಬಂದದ್ದೇ ಈ ಕೊಳ.

ಮಂಗಲ ವರಾಂಡದಲ್ಲಿ ನೆಲದ ಮೇಲೆ ಕೂತಿದ್ದಳು. ನನ್ನ ಹೆಸರು ರತ್ನಾಬಾಯಿ ಎಂದೆ, ಯಾರ ಅಕ್ಕ ಎಂದೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಸರಿದು ಜಾಗ ಮಾಡಿದಳು.

“ಕುಂದ್ರಿ ಬಾಯಾರ. ನಾನ ಕಳಿಸಿದ್ನಿರಿ. ಹೊಳಿಗೆ ಹೋಗಬ್ಯಾಡ, ಕೊಳಕ್ಕ ಹೋಗು ಅಂತ ನಾನ ಅಂದಿದ್ದೆ. ಹೊಳಿಗೆ ಅಳತಿ ಇರೂದಿಲ್ಲ, ಅಲ್ಲಿ ಅಳತಿ ಬರದಿರತಾರ ಅಂತ.”

ನಾನು ಅವಳ ಕೈ ಹಿಡಿದು, ಜವಾಬು ಕೇಳಿಯೇ ಕೇಳುತ್ತೇನೆ, ಯಾರನ್ನೂ ಬಿಡುವುದಿಲ್ಲ ಎಂದೆ.

“ಜವಾಬ ಆಮ್ಯಾಲ ಆಗಲಿರಿ. ಮದ್ಲ ಆಕಿ ಕಣ್ಣ ತೆರೀಲಿ.”

1 ಮೇ, ಶನಿವಾರ

ಮಹಾರಾಷ್ಟ್ರ ದಿನ. ಬೆಳಿಗ್ಗೆಯೇ ಧ್ವನಿವರ್ಧಕ. ಮೂವತ್ತನಾಲ್ಕು ವರ್ಷ ಮರಾಠಿ ಶಾಲೆಯಲ್ಲಿ ಮರಾಠಿ ಕಲಿಸಿದವಳು ನಾನು. ನನಗಾಗಿ ಬರೆದುಕೊಳ್ಳುವುದನ್ನು ಮಾತ್ರ ಅವ್ವ ಬೂದಿಯಲ್ಲಿ ಬರೆಸಿದ ಅಕ್ಷರದಲ್ಲೇ ಬರೆಯುತ್ತೇನೆ.

ನನಗೆ ಒಂಬತ್ತು ತುಂಬಿದ್ದು ಸಾವಿರದ ಒಂಬೈನೂರ ನಲವತ್ತೆರಡರಲ್ಲಿ. ಆ ಬೇಸಿಗೆಯಲ್ಲಿ ಕೃಷ್ಣೆಯ ಘಾಟಿನಲ್ಲಿ ನಾವೆ ನಡೆಸುವ ಧೋಂಡಿಬಾ ನನಗೆ ಈಜು ಕಲಿಸಿದ. ಒಣಗಿದ ಎರಡು ಸೋರೆ ಬುರುಡೆಗಳನ್ನು ಬೆನ್ನಿಗೆ ಕಟ್ಟಿ ನೀರಿಗಿಳಿಸುತ್ತಿದ್ದ. ದಿನ ಕಳೆದಂತೆ ಒಂದು ಬುರುಡೆ ಬಿಚ್ಚಿದ. ಇನ್ನೊಂದನ್ನು ಯಾವಾಗ ಬಿಚ್ಚಿದನೋ ನನಗೆ ಗೊತ್ತೇ ಆಗಲಿಲ್ಲ, ದಡಕ್ಕೆ ಬಂದು ಬೆನ್ನು ಮುಟ್ಟಿ ನೋಡಿಕೊಂಡಾಗಲೇ ಗೊತ್ತಾದದ್ದು.

“ಏಳನೇ ಪಾವಟಿಗಿ ಮಟ ನಿಂದು, ಎಂಟನೇದು ನಂದು” ಅನ್ನುತ್ತಿದ್ದ. ಘಾಟಿನ ಮೆಟ್ಟಿಲು ಇಳಿದಂತೆ ನೀರು ಮೊದಲು ಪಾದಕ್ಕೆ, ಮೊಣಕಾಲಿಗೆ, ಸೊಂಟಕ್ಕೆ. ಕೇಳಿ ಕೇಳಿ ಮೇಲೇರುತ್ತಿತ್ತು. ಅವ್ವನದು ಒಂದೇ ಷರತ್ತು. ಜೈನರ ಮನೆಯಲ್ಲಿ ಬಟ್ಟೆಯಲ್ಲಿ ಸೋಸದ ನೀರು ಬಾಯಿಗೆ ಹೋಗಬಾರದು. ಅದಕ್ಕೆ ತುಟಿ ಬಿಗಿದುಕೊಂಡೇ ಈಜು ಕಲಿತೆ. “ಅಕ್ಕ ಬಾಯಿ ಮುಚ್ಚಿದ್ದು ಅದೊಂದ ಬ್ಯಾಸಗಿ” ಎಂದು ತಾತ್ಯಾ ಈಗಲೂ ಚೇಷ್ಟೆ ಮಾಡುತ್ತಾನೆ.

ತೊಂಬತ್ತಾರರಲ್ಲಿ ಕೊಳ ಕಟ್ಟುವ ಮಾತು ಬಂದಾಗ ಅವನು ಇಂಜಿನಿಯರ್ ಧನಪಾಲನನ್ನು ಕರೆದುಕೊಂಡು ನನ್ನ ಮನೆಗೇ ಬಂದಿದ್ದ. ನಾನು ಹೇಳಿದ್ದು ಇಷ್ಟೇ: ಘಾಟಿನ ಹಾಗೆ ಮಾಡಿರಿ, ಮಗು ಬಾಗಿಲಿನಿಂದ ಒಳಗೆ ಬಂದಾಗ ಎದುರಿಗೆ ಮೂರು ಅಡಿ ನೀರಿರಲಿ, ಆಳ ದೂರದಲ್ಲಿರಲಿ. ಧನಪಾಲ ಹಾಗೆಯೇ ಬರೆದ. ಪೂರ್ವಕ್ಕೆ ಬಾಗಿಲು ಮತ್ತು ಮೂರಡಿ, ಪಶ್ಚಿಮಕ್ಕೆ ಒಂಬತ್ತಡಿ, ನಡುವೆ ನಿಧಾನದ ಇಳಿಜಾರು. ಆ ನಕ್ಷೆಯ ನೀಲಿ ಹಾಳೆಯ ಒಂದು ಪ್ರತಿ ನನಗೆ ಕೊಟ್ಟಿದ್ದ. ಒಳ್ಳೆಯ ಮನುಷ್ಯ, ಕೊಳ ಅಗೆಯುವ ಮೊದಲೇ ಹೋಗಿಬಿಟ್ಟ. ಅವನಿದ್ದಿದ್ದರೆ ಹೀಗಾಗುತ್ತಿರಲಿಲ್ಲ.

4 ಮೇ, ಮಂಗಳವಾರ

ಮಂಡಳದ ನೋಟೀಸು ಬಂತು. ಹದಿನಾರನೇ ತಾರೀಖು ಭಾನುವಾರ ಹನ್ನೊಂದಕ್ಕೆ ಸರ್ವಸಾಧಾರಣ ಸಭೆ. ಮೊದಲ ವಿಷಯ: ‘ಕಾವಲುಗಾರನ ನಿರ್ಲಕ್ಷ್ಯದಿಂದ ಘಟಿಸಿದ ಅಪಘಾತ, ಅವನನ್ನು ಕೆಲಸದಿಂದ ತೆಗೆದು ಪೊಲೀಸರಿಗೆ ಲಿಖಿತ ಹೇಳಿಕೆ ಕೊಡುವುದು.’ ಎರಡನೇ ವಿಷಯ: ಕೊಳದ ಪುನರಾರಂಭ.

ಮಧ್ಯಾಹ್ನ ಆ ಕಾವಲುಗಾರ ಮಾರೆಪ್ಪ ಮನೆಗೆ ಬಂದ. ಗಡಿಯಾಚೆಯ ಕುರಿ ಸಾಕುವ ಮನೆತನದವನು. ಚಿಕ್ಕಂದಿನಲ್ಲಿ ಕುರಿಗಳನ್ನು ಹೊಳೆ ದಾಟಿಸುತ್ತಿದ್ದವನಂತೆ, ಅದಕ್ಕೇ ಈ ಕೆಲಸ ಸಿಕ್ಕಿದ್ದು. ಹೊಸ್ತಿಲ ಹೊರಗೇ ನಿಂತ.

“ಬಾಯಾರ, ನಿಮ್ಮ ತಮ್ಮರಿಗೆ ನೀವ ಒಂದ ಮಾತ ಹೇಳ್ರಿ. ಜೇಲಿಗಿ ಹೋದ್ರ ಮನಿ ಮುಳಗತದ.”

ಗೇಟಿಗೆ ಯಾಕೆ ಹೋಗಿದ್ದೆ ಎಂದು ಕೇಳಿದೆ.

“ಟಿಕೀಟ ಹರಿ ಅಂದ್ರು, ಹರದ್ನಿರಿ. ಬ್ಯಾಡ ಅನ್ನಾಕ ನಾ ಯಾರು?” ಆಮೇಲೆ, “ಆ ಶನಿವಾರ, ಬಾಯಾರ…” ಎಂದ.

“ಶನಿವಾರದ್ದು ಬಿಡು, ಭಾನುವಾರದ್ದು ಹೇಳು” ಎಂದೆ.

ಅವನು ನೀರು ಕುಡಿದು, ತಂಬಿಗೆಯನ್ನು ತೊಳೆದಿಟ್ಟು ಹೋದ. ಮಾತು ನೇರಕ್ಕೆ ಬರದ ಜನ. ಆದರೂ ಸಭೆಯಲ್ಲಿ ಅವನ ಪರವಾಗಿ ನಿಲ್ಲುತ್ತೇನೆ. ಟಿಕೀಟು ಹರಿಯಲು ಕಳಿಸಿದವರು ಮೊದಲು ಉತ್ತರ ಕೊಡಲಿ.

7 ಮೇ, ಶುಕ್ರವಾರ

ಕೊಳದ ನೀರು ಖಾಲಿ ಮಾಡಿದ್ದಾರೆಂದು ಕೇಳಿ ಹೋದೆ. ಅಳತೆಯ ಟೇಪು, ನಿಯಮದ ಪುಸ್ತಕ, ಛತ್ರಿ. ತಳದ ಜಾಲರಿ ಇದೆಯೋ ಇಲ್ಲವೋ ನೋಡಬೇಕಿತ್ತು.

ಬಟ್ಟೆ ಬದಲಿಸುವ ಕೋಣೆ ದಾಟಿ, ಮಕ್ಕಳು ಬರುವ ಬಾಗಿಲಿನಿಂದಲೇ ಒಳಗೆ ಹೋದೆ. ಬಾಗಿಲೆದುರು ಅಂಚಿನಲ್ಲಿ ಕಲ್ಲಯ್ಯನ ಕೈಬರಹ. ದುಂಡಗಿನ, ಶಾಲೆಯ ಹಲಗೆಯ ಮೇಲೆ ಬರೆದಂಥ ಚಂದದ ಕೆಂಪು ಅಂಕಿ. ದೇವನಾಗರಿ ಮೂರು. ಅದರ ಕೆಳಗೆ ನೋಡಿದೆ. ಕೆಳಗೆ ನೆಲವೇ ಇರಲಿಲ್ಲ. ಅಂದರೆ ಇತ್ತು, ಬಹಳ ಕೆಳಗಿತ್ತು. ನೀಲಿ ಟೈಲ್ಸಿನ ಗೋಡೆ ಸರ್ರನೆ ಇಳಿದು ಹೋಗಿತ್ತು.

ಟೇಪು ಬಿಟ್ಟೆ. ಒಂಬತ್ತು ಅಡಿ ಎರಡು ಇಂಚು.

ಆಚೆ ತುದಿಗೆ ನಡೆದೆ. ಅಲ್ಲಿ ಒಂಬತ್ತು ಎಂದು ಬರೆದಿತ್ತು. ಅಲ್ಲಿ ಮೂರು ಅಡಿ.

ಪಾಡವಾದ ದಿನ ಇದೇ ಅಂಚಿನಲ್ಲಿ ಕುರ್ಚಿ ಹಾಕಿ ಕೂತಿದ್ದೆ. ಆವತ್ತು ನೀರು ತುಂಬಿತ್ತು. ನೀರು ತುಂಬಿದ ಮೇಲೆ ಯಾವ ಕೊಳವಾದರೂ ಮೇಲಿನಿಂದ ಸಪಾಟು. ಒಂದು ತಿಂಗಳು ಈಜು ಬಲ್ಲ ದೊಡ್ಡವರೇ ಬಂದರು, ಅವರಿಗೆ ಮೂರಾದರೇನು, ಒಂಬತ್ತಾದರೇನು? ಅಂಕಿ ಬರೆದ ಮರುದಿನ ಮಕ್ಕಳು ಬಂದರು.

ಯಾವ ಮೂರ್ಖ ಕಲ್ಲಯ್ಯನಿಗೆ ಈ ಅಳತೆ ಕೊಟ್ಟದ್ದು ಎಂದು ಅಲ್ಲಿಯೇ ಕೂಗಿದೆ. ಖಾಲಿ ಕೊಳದಲ್ಲಿ ದನಿ ಸುತ್ತಿ ಬಂತು.

8 ಮೇ, ಶನಿವಾರ

ಟ್ರಂಕು ತೆರೆದು ನೋಡಿದೆ. ನೀಲಿ ಹಾಳೆ ಇಲ್ಲ. ಕಲ್ಲಯ್ಯ ಇನ್ನೂ ತಂದುಕೊಟ್ಟಿಲ್ಲ.

9 ಮೇ, ಭಾನುವಾರ

ತಾತ್ಯಾನ ಮನೆಗೆ ಹೋದೆ. ಅವನ ಬಿಳಿ ಅಂಗಿಯ ಅಂಚಿಗೆ ಅರವತ್ತು ವರ್ಷದ ಅರಿಶಿಣ. ಚಹಾ ಬಂತು, ಮುಟ್ಟಲಿಲ್ಲ.

“ತಳಾ ಯಾಕ ತಿರಿಗಿಸಿದಿ?”

ಅವನು ತನ್ನ ಬಟ್ಟಲು ಎತ್ತಿಕೊಂಡ. “ವಾಸ್ತುದಾವ ಬಂದಿದ್ದ ಅಕ್ಕಾ. ಈಶಾನ್ಯಕ್ಕ ನೀರ ಆಳ ಇರಬೇಕು, ಇಲ್ಲಂದ್ರ ಮಂಡಳಕ್ಕ ಕೇಡು ಅಂದ. ಎಲ್ಲಾ ಸದಸ್ಯರೂ ಹೌದ ಅಂದ್ರು. ಆವಾಗ ಬಾಗಲಾ, ಖೋಲಿ ಎಲ್ಲಾ ಕಟ್ಟಿ ಆಗಿತ್ತು. ತಳಾ ಅಷ್ಟ ತಿರಿಗಿಸಿದ್ವಿ. ಗುತ್ತೇದಾರ ಹೊಸಾ ನಕ್ಷಾ ಮಾಡಿ ತಾನ ಇಟ್ಕೊಂಡ.”

“ನನಗ ಯಾಕ ಹೇಳಲಿಲ್ಲ?”

“ನಿನ್ನ ನಾಲಿಗಿಗೆ ಅಂಜಿ. ನಾಕ ಮಂದ್ಯಾಗ ನಗತಿದ್ದಿ ನನ್ನ.”

ನಗುತ್ತಿದ್ದೆ. ಅದು ನಿಜ.

“ಅಂಕಿ ಬರ್ಯಾಕ ಕಲ್ಲಯ್ಯ ನಕ್ಷಾ ಕೇಳಿದ್ದ. ಆಫೀಸನ್ಯಾಗ ಇರಲಿಲ್ಲ. ಯಾರೋ ಅಂದ್ರಂತ, ರತ್ನಾಬಾಯಿ ಹಂತ್ಯಾಕ ಇರತದ, ಅವರು ಹರಕ ಕಾಗದಾನೂ ಒಗ್ಯಾಂಗಿಲ್ಲ ಅಂತ. ನನಗ ಸೋಮವಾರ ತಿಳೀತು.” ಬಟ್ಟಲು ಕೆಳಗಿಟ್ಟ. “ಅದಕ್ಕ ನಾನೂ ಸುಮ್ಮನಿದ್ದೀನಿ, ನೀನೂ ಸುಮ್ಮನಿರು. ಮಾರೆಪ್ಪಗ ನನ್ನ ಗೋದಾಮಿನ್ಯಾಗ ಕೆಲಸಾ ಕೊಡತೀನಿ. ವಕೀಲನ್ನೂ ಹಚ್ಚತೀನಿ. ನಿನ್ನ ಹೆಸರ ಬರಬಾರದು.”

ಅವನು ಹುಟ್ಟಿದಾಗ ನನಗೆ ಆರು ವರ್ಷ. ಸೊಂಟದ ಮೇಲೆ ಎತ್ತಿಕೊಂಡು ಘಾಟಿಗೆ ಹೋಗುತ್ತಿದ್ದೆ. ಅದೇ ಮುಖ ಮಾಡಿಕೊಂಡು ಕೂತಿದ್ದ. ಎದ್ದು ಬಂದೆ.

11 ಮೇ, ಮಂಗಳವಾರ

ಈ ದಿನಚರಿಯ ಹಿಂದಿನ ಪುಟ ತಿರುಗಿಸಿದೆ. ಏಪ್ರಿಲ್ 24, ಶನಿವಾರದ್ದನ್ನು ಇಲ್ಲಿ ಹಾಗೆಯೇ ಇಳಿಸುತ್ತೇನೆ:

‘ಕಲ್ಲಯ್ಯ ಹಾಳೆ ಒಯ್ದ. ಕೊನೆಗೂ ಅಂಕಿ ಬರೆಯುತ್ತಾರೆ. ಸಂಜೆ ಕೊಳದಿಂದ ಮಾರೆಪ್ಪನ ಫೋನು: ಅಂಕಿ ತಿರುವುಮುರುವು ಆಗ್ಯಾವು ಅಂತ ಏನೋ ತಕರಾರು. ಇಂಜಿನಿಯರು ಬರೆದ ಕಾಗದವೇ ಇದೆ, ನೀನು ನೀರು ಕಾಯಿ ಎಂದೆ. ಸೂರ್ಯ ಮುಳುಗುವುದರೊಳಗೆ ಊಟವಾಯಿತು. ಬದನೆಕಾಯಿ ಚೆನ್ನಾಗಿತ್ತು.’

ಆರು ಸಾಲೂ ಇಲ್ಲ.

12 ಮೇ, ಬುಧವಾರ

ಏನೂ ಓದಲಿಲ್ಲ.

13 ಮೇ, ಗುರುವಾರ

ಸ್ವಪ್ನಾಲಿಯ ಉಸಿರಿನ ಯಂತ್ರ ತೆಗೆದು ಮೂರು ದಿನವಾಯಿತಂತೆ. ಇವತ್ತು ನೋಡಲು ಬಿಟ್ಟರು. ಸಣಕಲು ಹುಡುಗಿ. ಎಡಗೈ ಇನ್ನೂ ನಡುಗುತ್ತದೆ, ನಿಲ್ಲಬಹುದು ಎನ್ನುತ್ತಾರೆ ಡಾಕ್ಟರು. ನನ್ನನ್ನು ಯಾರೋ ಅಧಿಕಾರಿ ಎಂದುಕೊಂಡಳು. ಕೇಳುವ ಮೊದಲೇ ಹೇಳಿದಳು, ಅರ್ಧ ಮರಾಠಿ, ಅರ್ಧ ತಾಯಿಯ ಮಾತಿನಲ್ಲಿ.

“ನಾ ಮಸ್ತಿ ಮಾಡಿಲ್ಲ. ಯಾರೂ ನೂಕಿಲ್ಲ. ಅಲ್ಲಿ ಮೂರ ಬರದಿತ್ತು. ನನಗ ಓದಾಕ ಬರತದ.”

ಮಂಗಲ ಅವಳ ತಲೆ ನೇವರಿಸಿ, “ಹೌದವ್ವಾ, ನಿಂದೇನ ತಪ್ಪಿಲ್ಲ” ಎಂದಳು.

“ಮೂರ ಫೂಟ ಅಂದ್ರ ಇಲ್ಲೀ ಮಟಾ.” ಬಲಗೈಯನ್ನು ತನ್ನ ಎದೆಯ ಹತ್ತಿರ ಹಿಡಿದು ತೋರಿಸಿದಳು. “ನಾ ಮನ್ಯಾಗ ಪಟ್ಟಿಲೆ ಅಳದಿದ್ದೆ.”

ಬರೆದದ್ದನ್ನು ಓದಿರಿ, ಓದಿದ್ದನ್ನು ನಂಬಿರಿ ಎಂದು ಮೂವತ್ತನಾಲ್ಕು ವರ್ಷ ಹೇಳಿದವಳು ನಾನು. ಈ ಹುಡುಗಿ ನನ್ನ ಶಾಲೆಗೆ ಬಂದವಳೇ ಅಲ್ಲ. ಆದರೂ ನನ್ನ ಪಾಠವನ್ನೇ ಕಲಿತಿದ್ದಳು.

ವರಾಂಡದಲ್ಲಿ ಮಂಗಲಗೆ ಎಲ್ಲ ಹೇಳಿದೆ. ಹಾಳೆ ಕೊಟ್ಟದ್ದು, ಫೋನು ಬಂದದ್ದು, ನಾನು ಅಂದದ್ದು. ಅವಳು ಎದ್ದು ನಿಂತಳು. ಹೊಡೆಯುತ್ತಾಳೇನೋ ಎನಿಸಿತು, ಹೊಡೆದಿದ್ದರೆ ಚೆನ್ನಾಗಿತ್ತು.

“ಇದನ್ನ ನನ್ನ ಮುಂದ ಯಾಕ ಹೇಳತೀರಿ? ನಾ ಏನ್ ಮಾಡ್ಲಿ ಇದನ್ನ ತುಗೊಂಡು? ಮಂದಿ ಮುಂದ ಹೇಳ್ರಿ.”

ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

14 ಮೇ, ಶುಕ್ರವಾರ

ಬೆಳಿಗ್ಗೆ ಘಾಟಿಗೆ ಹೋದೆ. ಎಷ್ಟು ವರ್ಷವಾಯಿತೋ. ಬೇಸಿಗೆಯ ಕೃಷ್ಣೆ ಕೆಳಗಿನ ಮೆಟ್ಟಿಲುಗಳಿಗೆ ಜಾರಿದೆ, ನಡುವೆ ಪ್ಲಾಸ್ಟಿಕ್ ಚೀಲಗಳು. ಒಂದು ಮೆಟ್ಟಿಲು ಇಳಿದು ಪಾದ ಒದ್ದೆ ಮಾಡಿಕೊಂಡೆ. ಸೇತುವೆಯ ಮೇಲೆ ಬಸ್ಸು ಹೋಯಿತು.

ಅಲ್ಲಿ ನಿಂತಾಗ ಧೋಂಡಿಬಾನ ಬಿದಿರು ನೆನಪಾಯಿತು. ಇದೇ ಪುಸ್ತಕದಲ್ಲಿ ಹದಿಮೂರು ದಿನದ ಹಿಂದೆ ಬುರುಡೆ ಬರೆದೆ, ಪಾವಟಿಗೆ ಬರೆದೆ, ಬಿದಿರನ್ನು ಬಿಟ್ಟುಬಿಟ್ಟೆ. ಅವನು ದಿನವೂ, ನನ್ನನ್ನು ನೀರಿಗಿಳಿಸುವ ಮೊದಲು, ಉದ್ದನೆಯ ಬಿದಿರನ್ನು ಮೆಟ್ಟಿಲಿನ ಕೆಳಗೆ ಊರಿ ನೋಡುತ್ತಿದ್ದ. ಮೂರು ಕಡೆ, ನಾಲ್ಕು ಕಡೆ. ನಾನು ಚಳಿಗೆ ನಡುಗುತ್ತಾ ಕೇಳುತ್ತಿದ್ದೆ, “ನಿನ್ನೆನ ನೋಡೀಯಲ್ಲ ಕಾಕಾ?” ಅವನು ಬಿದಿರಿನ ಒದ್ದೆಯಾದ ಭಾಗವನ್ನು ನನ್ನ ಪಕ್ಕ ಹಿಡಿದು, ಎಲ್ಲಿಯವರೆಗೆ ಬರುತ್ತದೆ ನೋಡುತ್ತಿದ್ದ. ಕುತ್ತಿಗೆ ದಾಟಿದರೆ ಆ ದಿನ ಈಜಿಲ್ಲ. ಅತ್ತರೂ ಇಲ್ಲ.

ಐವತ್ತೇಳು ವರ್ಷ ಈ ಘಾಟಿನ ಕಥೆ ಹೇಳಿದ್ದೇನೆ, ಶಾಲೆಯಲ್ಲಿ, ಮನೆಯಲ್ಲಿ, ಧನಪಾಲನ ಮುಂದೆ. ಒಂದು ಸಲವೂ ಬಿದಿರು ಬರಲಿಲ್ಲ.

ಮಧ್ಯಾಹ್ನ ಮಾರೆಪ್ಪನ ಖೋಲಿ ಹುಡುಕಿಕೊಂಡು ಹೋದೆ. ಫೋನಿನ ಮಾತನ್ನು ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹ್ಯಾಂಗ ಹೇಳ್ಲಿರಿ? ನೀವು ಸಾಲಿ ಕಲಿಸಿದಾವ್ರು. ಕಾಗದ ಅದ ಅಂದ್ರಿ. ನಂದೇನ, ನಾ ಮುಳಗಿ ತಳಾ ಮುಟ್ಟಿ ಬಂದಾಂವ, ಅಷ್ಟ. ಕೆಂಪ ಅರಿವಿ ಕಟ್ಟೂಣು ಅಂತ ತಂದಿದ್ನಿ. ಮುಂಜಾನಿ ಬರೂದ ತಡಾ, ಗೇಟಿಗಿ ನಡಿ ಅಂದ್ರು. ಅರಿವಿ ಕಿಸೇದಾಗ ಉಳೀತು.”

ಅವನ ಹೆಂಡತಿ ಮಾಳವ್ವ ಒಳಗಿನಿಂದಲೇ ಹೇಳಿದಳು, “ಚಾ ಕುಡದ ಹೋಗ್ರಿ. ಕೊಳದ ನೀರಲ್ಲ, ನಳದ್ದೈತಿ.”

ಮಾರೆಪ್ಪ ನಕ್ಕ. ನಾನೂ ನಕ್ಕೆ. ಕುಡಿದೆ. ಸೋಸಿದ್ದರೋ ಇಲ್ಲವೋ ಕೇಳಲಿಲ್ಲ.

15 ಮೇ, ಶನಿವಾರ

ತಾತ್ಯಾ ಬಂದಿದ್ದ. ಬಾಗಿಲಲ್ಲಿಯೇ ಕೇಳಿದ, “ನಾಳಿ ಬರತೀ ಏನು?” ಬರುತ್ತೇನೆ ಎಂದೆ. “ಏನ ಮಾತಾಡಾಕಿ?” ಇದ್ದದ್ದು ಎಂದೆ. ಅಳುವ ಹಾಗಾದ. “ಅಕ್ಕಾ, ಇಬ್ಬರೂ ಮುಳಗತೀವಿ.” ಕೂತುಕೋ ಎಂದು, ಸೂರ್ಯ ಮುಳುಗುವ ಮೊದಲು ಇಬ್ಬರಿಗೂ ಎಲೆ ಹಾಕಿದೆ. ಉಂಡ. ಹೋಗುವಾಗ ಗುತ್ತೇದಾರನಿಂದ ತರಿಸಿದ ಹೊಸ ನಕ್ಷೆಯನ್ನು ಮೇಜಿನ ಮೇಲೆ ಬಿಟ್ಟು ಹೋದ. ಮರೆತನೋ, ಬಿಟ್ಟನೋ, ಕೇಳಲಿಲ್ಲ. ಕಲ್ಲಯ್ಯ ನೀಲಿ ಹಾಳೆಯನ್ನೂ ತಂದುಕೊಟ್ಟಿದ್ದಾನೆ. ಎರಡನ್ನೂ ಸುತ್ತಿ ಚೀಲದಲ್ಲಿಟ್ಟಿದ್ದೇನೆ. ಸಭೆಗೆ ಬರುತ್ತೇನೆಂದು ಮಂಗಲ ಹೇಳಿ ಕಳಿಸಿದ್ದಾಳೆ.

ನಾಳೆ ಮರಾಠಿಯಲ್ಲಿ ಓದಬೇಕಾದ್ದನ್ನು ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ.

‘ಅಂಕಿ ಬರೆಯಲು ಹಳೆಯ ಹಾಳೆ ಕೊಟ್ಟವಳು ನಾನು, ರತ್ನಾಬಾಯಿ. ಅಂಕಿ ತಪ್ಪಾಗಿದೆ ಎಂದು ಹಿಂದಿನ ಸಂಜೆಯೇ ಮಾರೆಪ್ಪ ಫೋನು ಮಾಡಿ ನನಗೆ ಹೇಳಿದ್ದ. ನೀರಿನ ತಳ ಮುಟ್ಟಿ ಬಂದವನ ಮಾತಿಗಿಂತ ಟ್ರಂಕಿನಲ್ಲಿದ್ದ ಕಾಗದ ದೊಡ್ಡದೆಂದುಕೊಂಡೆ. ಇದನ್ನು ಪೊಲೀಸರ ಮುಂದೆಯೂ ಬರೆದುಕೊಡುತ್ತೇನೆ. ಅವನ ಹೆಸರನ್ನು ಮೊದಲ ವಿಷಯದಿಂದ ತೆಗೆಯಿರಿ, ಅಲ್ಲಿ ನನ್ನದನ್ನು ಬರೆಯಿರಿ.

ನನ್ನದಾದ ಮೇಲೆ ನಿಮ್ಮದು. ಬಾಗಿಲು ಇದ್ದಲ್ಲೇ ಇರುವಾಗ ತಳವನ್ನು ತಿರುಗಿಸಲು ಕೈ ಎತ್ತಿದವರು ಯಾರು ಯಾರು? ಹೊಸ ನಕ್ಷೆಯನ್ನು ಕೊಳದ ಆಫೀಸಿನಲ್ಲಿ ಯಾಕೆ ಇಡಲಿಲ್ಲ? ಹಗ್ಗ ಎಲ್ಲಿ, ಕುರ್ಚಿ ಎಲ್ಲಿ? ಮಕ್ಕಳು ನೀರಿನಲ್ಲಿರುವಾಗ ನೀರು ಕಾಯುವವನನ್ನು ಗೇಟಿಗೆ ಕಳಿಸಿದವರು ಯಾರು? ಬಾಗಿಲನ್ನು ಪಶ್ಚಿಮಕ್ಕೆ ಬದಲಿಸುವವರೆಗೆ, ದಿನವೂ ಬೆಳಿಗ್ಗೆ ಮಾರೆಪ್ಪ ಕೋಲು ಊರಿ ಆಳ ನೋಡಿ ಹೂಂ ಎನ್ನುವವರೆಗೆ, ಈ ಕೊಳಕ್ಕೆ ಒಂದು ಮಗುವನ್ನೂ ಇಳಿಸಕೂಡದು.

ಸ್ವಪ್ನಾಲಿಯ ತಾಯಿ ಮಂಗಲ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ನನ್ನ ಕಡೆ ನೋಡಬೇಡಿ, ಅಧ್ಯಕ್ಷರ ಕಡೆ ನೋಡಬೇಡಿ. ಒಬ್ಬೊಬ್ಬರಾಗಿ ಎದ್ದು ನಿಂತು, ಹೆಸರು ಹೇಳಿ, ಅವಳಿಗೆ ಉತ್ತರ ಕೊಡಿ: ಅವಳ ಮಗಳಿಗೆ ಓದಲು ಬರುತ್ತಿತ್ತು. ಮೂರು ಎಂದು ಬರೆದಲ್ಲಿ ಒಂಬತ್ತು ಅಡಿ ನೀರು ಯಾಕಿತ್ತು?’